ಪಾಪಕ್ಕನ ಕುರ್ಚಿ

ಕುಡಿತ ಬಿಡಿಸುವ ಸಭೆ ಎಲ್ಲಿ ನಡೆಯುತ್ತದೆ ಎಂದು ಪಾಪಕ್ಕ ಮೂರು ಜನರನ್ನು ಕೇಳಿದಳು. ಮೂವರೂ ಅವಳ ಗಂಡನಿಗೆ ಬೈದರು.

ಮೊದಲನೆಯವಳು ಮಕ್ಕಳಿಗೆ ಚುಚ್ಚುಮದ್ದು ಹಾಕಲು ಬೀದಿಗೆ ಬರುತ್ತಿದ್ದ ನರ್ಸಮ್ಮ. ಪಾಪಕ್ಕ ಅತ್ತಿತ್ತ ನೋಡಿ, ಸೆರಗು ಬಾಯಿಗೆ ಅಡ್ಡ ಹಿಡಿದು, ಅಂಥದ್ದೊಂದು ಜಾಗ ಇದೆಯಂತಲ್ಲ ಎಂದು ಶುರುಮಾಡುವಷ್ಟರಲ್ಲೇ ನರ್ಸಮ್ಮ ನಿಟ್ಟುಸಿರು ಬಿಟ್ಟಳು. "ಗೊತ್ತು ಬಿಡಮ್ಮ. ದಿನಾ ಸಾಯಂಕಾಲ ನಿಮ್ಮೆಜಮಾನ್ರು ಸಾರಾಯಿ ಅಂಗಡಿ ಮುಂದೆ ನಿಂತಿರೋದನ್ನ ನಾನೇ ನೋಡಿಲ್ವಾ? ನೋಡಕ್ಕೆ ಅಷ್ಟು ಸಾಧು, ಒಳಗೆ ಇಂಥಾ ಬುದ್ಧಿ!" ಎಂದಳು. ಬೈದು ಮುಗಿದ ಮೇಲೆ ವಿಳಾಸ ಕೊಟ್ಟಳು. ದೊಡ್ಡಬಳ್ಳಾಪುರದಲ್ಲಿ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯ ಶಾಲೆ, ಭಾನುವಾರ ಮಧ್ಯಾಹ್ನ ಮೂರು ಗಂಟೆ. ಬಾಶೆಟ್ಟಿಹಳ್ಳಿ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ಯಾರೋ ಶುರುಮಾಡಿದ್ದಂತೆ. ಕುಡಿದು ಹಾಳಾಗಿ ಬಿಟ್ಟವರೇ ಸೇರಿಕೊಂಡು, ಬಿಡಲಾರದವರನ್ನು ಕೂರಿಸಿಕೊಂಡು ಮಾತಾಡುತ್ತಾರಂತೆ. ಔಷಧಿಯಿಲ್ಲ, ಫೀಜಿಲ್ಲ, ಬರೀ ಮಾತು.

ಎರಡನೆಯವನು ದೇವನಹಳ್ಳಿಯಿಂದ ದೊಡ್ಡಬಳ್ಳಾಪುರಕ್ಕೆ ಹೋಗುವ ಬಸ್ಸಿನ ಕಂಡಕ್ಟರು. ಶಾಲೆ ಯಾವ ಕಡೆ ಎಂದು ಕೇಳಿದ್ದಕ್ಕೆ, "ಆ ಕುಡುಕರ ಮೀಟಿಂಗಾ? ನೋಡಿ ಹೆಂಗಿದೆ! ಕುಡಿಯೋನು ಮನೇಲಿ ಮಲಗಿರ್ತಾನೆ, ಹೆಂಡ್ತಿ ಬಸ್ಸು ಹತ್ತಿ ಅಲೀಬೇಕು" ಎಂದು ಇಡೀ ಬಸ್ಸಿಗೆ ಕೇಳುವಂತೆ ಹೇಳಿದ. ಮುಂದಿನ ಸೀಟಿನ ಇಬ್ಬರು ತಿರುಗಿ ನೋಡಿ ಅವಳ ಮೇಲೆ ಕನಿಕರಪಟ್ಟರು. ಮೂರನೆಯವನು ಶಾಲೆಯ ಗೇಟು ಕಾಯುವ ಮುದುಕ. ಅವನನ್ನು ಪೂರ್ತಿ ಕೇಳಿ ಮುಗಿಸುವ ಅಗತ್ಯವೇ ಬೀಳಲಿಲ್ಲ. "ಒಳಗೆ ಹೋಗವ್ವ. ಅಂಥಾ ಗಂಡನ್ನ ಕಂಬಕ್ಕೆ ಕಟ್ಟಿಹಾಕಿ ನಾಲ್ಕು ಬಾರಿಸಿದ್ರೆ ಸರಿಹೋಗ್ತಾನೆ" ಎಂದು ದಾರಿ ತೋರಿಸಿದ.

ಪಾಪಕ್ಕನ ಮೈಯೆಲ್ಲ ಉರಿದುಹೋಯಿತು. ಉರಿಯದೆ ಏನು? ಅವಳ ಗಂಡ ಚಿನ್ನಸ್ವಾಮಿ ಹುಟ್ಟಿದಾಗಿನಿಂದ ಒಂದು ತೊಟ್ಟು ಸಾರಾಯಿ ನಾಲಿಗೆಗೆ ಸೋಕಿಸಿದವನಲ್ಲ. ಬೀಡಿಯಿಲ್ಲ, ಎಲೆಅಡಿಕೆಯಿಲ್ಲ. ವಿಜಯಪುರದ ಗೂಡಿನ ಮಾರುಕಟ್ಟೆಯಲ್ಲಿ ರೇಷ್ಮೆಗೂಡು ತೂಗುವ ಕೆಲಸ ಮುಗಿಸಿ, ಮಧ್ಯಾಹ್ನಕ್ಕೆ ತಲೆ ತಗ್ಗಿಸಿಕೊಂಡು ಮನೆಗೆ ಬರುವ ಆಸಾಮಿ. ಕುಡಿಯುತ್ತಿದ್ದವಳು ಪಾಪಕ್ಕ. ಇಪ್ಪತ್ತು ವರ್ಷದಿಂದ, ಮನೆಯ ಹಿಂದಿನ ಕೊಟ್ಟಿಗೆಯಲ್ಲಿ, ಗೂಡು ಬೇಯಿಸಿ ನೂಲು ತೆಗೆಯುವ ಚರಕದ ಮುಂದೆ ಕೂತು ಕುಡಿಯುತ್ತಿದ್ದಳು. ಬೆಂದ ಹುಳದ ನಾತ ಆ ಮನೆಯನ್ನು ಎಷ್ಟು ತುಂಬಿಕೊಂಡಿತ್ತೆಂದರೆ ಅದರ ಮುಂದೆ ಸಾರಾಯಿಯ ವಾಸನೆ ಯಾರ ಮೂಗಿಗೂ ಹತ್ತುತ್ತಿರಲಿಲ್ಲ.

ಇನ್ನು ಅಂಗಡಿಯ ವಿಷಯ. ಹಿಂದೊಮ್ಮೆ ಚಿನ್ನಸ್ವಾಮಿ, ಇನ್ನು ತಂದುಕೊಡುವುದಿಲ್ಲ ಎಂದಾಗ ಅವಳೇ ತಲೆಗೆ ಸೆರಗು ಹೊದ್ದು ಹೊರಟುಬಿಟ್ಟಿದ್ದಳು. ಬೀದಿಯ ತಿರುವಿನಲ್ಲಿ ಅವನು ಓಡಿಬಂದು ಅಡ್ಡ ನಿಂತು, "ನೀನು ಬೇಡ ಕಣೆ, ನಿನ್ನ ದಮ್ಮಯ್ಯ, ನಾನೇ ತರ್ತೀನಿ" ಎಂದಿದ್ದ. ಅವತ್ತಿನಿಂದ ದಿನಾ ಸಾಯಂಕಾಲ ಅವನೇ ಹೋಗಿ ಎರಡು ಪ್ಯಾಕೆಟ್ಟು ತಂದು, ಮಾತಿಲ್ಲದೆ ಚರಕದ ಪಕ್ಕ ಇಟ್ಟು ಹೋಗುತ್ತಿದ್ದ. ಊರಿನ ಲೆಕ್ಕದಲ್ಲಿ ಅವನು ಕುಡುಕ, ಅವಳು ಕುಡುಕನನ್ನು ಸಹಿಸಿಕೊಂಡ ಮಹಾತಾಯಿ. ಈ ಅನ್ಯಾಯಕ್ಕೆ ಅವಳಿಗೆ ಸಿಟ್ಟು ಬರುತ್ತಿತ್ತು. ಸಿಟ್ಟು ಬಂದರೂ ಬಾಯಿ ಬಿಡುತ್ತಿರಲಿಲ್ಲ, ಅದು ಬೇರೆ ಮಾತು.

ಇಷ್ಟು ವರ್ಷ ಇಲ್ಲದ್ದು ಈಗ ಯಾಕೆ ಎಂದರೆ, ಮಗಳು ಆಶಾರಾಣಿ. ಅವಳನ್ನು ಹೊಸಕೋಟೆಗೆ ಕೊಟ್ಟಿತ್ತು. ಏಳು ತಿಂಗಳಿಗೆ ಅಲ್ಲಿ ಸೀಮಂತ. ಚೊಚ್ಚಲ ಹೆರಿಗೆ ತಾಯಿಯ ಮನೆಯಲ್ಲಿ ಎಂಬುದು ಎಲ್ಲರ ಮನೆಯ ಪದ್ಧತಿ. ಸೀಮಂತ ಮುಗಿಸಿ ಮಗಳನ್ನು ಜೊತೆಯಲ್ಲೇ ಕರೆದುಕೊಂಡು ಬರುವುದೆಂದು ಕೋಣೆಗೆ ಸುಣ್ಣ ಬಳಿಸಿಟ್ಟಿದ್ದಳು. ಸೀಮಂತದ ದಿನ ಬೆಳಿಗ್ಗೆ ಕೈ ನಡುಗುತ್ತಿತ್ತು. ನಡುಗುವ ಕೈಯಲ್ಲಿ ಆರತಿ ಎತ್ತುವುದು ಹೇಗೆ ಎಂದು ಒಂದು ಪ್ಯಾಕೆಟ್ಟು ಹಾಕಿಕೊಂಡಳು, ದಾರಿಯಲ್ಲಿ ಇನ್ನೊಂದು. ಹತ್ತಾರು ಮುತ್ತೈದೆಯರ ಮುಂದೆ ತಟ್ಟೆ ಜಾರಿ, ಕೆಂಪು ಆರತಿ ನೀರೆಲ್ಲ ಮಗಳ ಹಸಿರು ಸೀರೆಯ ಮಡಿಲಿಗೆ ಚೆಲ್ಲಿತು. "ಕೆಲಸ ಮಾಡಿ ಸುಸ್ತಾಗಿದಾರೆ ಬಿಡಿ" ಎಂದು ಬೀಗಿತ್ತಿ ಸಾವರಿಸಿದಳು. ಮಗಳು ಮಾತ್ರ ತಾಯಿಯನ್ನು ಹಿತ್ತಿಲಿಗೆ ಕರೆದುಕೊಂಡು ಹೋಗಿ, ಮೆಲ್ಲಗೆ ಹೇಳಿದಳು.

"ನಾನು ಬರಲ್ಲಮ್ಮ. ಹೆರಿಗೆ ಇಲ್ಲೇ ಆಗ್ಲಿ. ನಿನ್ನ ಕೈಗೆ ನನ್ನ ಮಗೂನ ಕೊಡಕ್ಕೆ ನಂಗೆ ಧೈರ್ಯ ಇಲ್ಲ. ನೀನು ಬಿಟ್ರೆ ಕಾಗದ ಹಾಕು, ಅವತ್ತೇ ಬರ್ತೀನಿ."

ವಾಪಸು ಬರುವಾಗ ಬಸ್ಸಿನಲ್ಲಿ ಮೂರು ಜನರ ಸೀಟಿನಲ್ಲಿ ಇಬ್ಬರೇ ಕೂತಿದ್ದರು. ಚಿನ್ನಸ್ವಾಮಿ ಬಲಗೈಯನ್ನು ಅವಳ ತೋಳಿನ ಮೇಲೆ ಇಟ್ಟುಕೊಂಡಿದ್ದ. ಆ ಅಂಗೈಯಲ್ಲಿ ಸುಟ್ಟು ಮಾಗಿದ ದೊಡ್ಡ ಕಲೆಯಿತ್ತು. ಎರಡು ವರ್ಷದ ಹಿಂದೆ ಚರಕದ ಬಿಸಿ ಬಾಣಲೆ ಮುಟ್ಟಿದ್ದು ಎಂದು ಅವನು ಹೇಳಿದ್ದ. ಅವಳು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಇದು ಅವಳು ದೊಡ್ಡಬಳ್ಳಾಪುರದ ಬಸ್ಸು ಹತ್ತುವುದಕ್ಕೆ ಮುಂಚಿನ ಕಥೆ.

ಶಾಲೆಯಲ್ಲಿ ಎರಡು ಕೋಣೆ ತೆರೆದಿದ್ದವು. ನಡುವೆ ಮರದ ಹಲಗೆಯ ತಡಿಕೆ. ಮೊದಲ ಕೋಣೆಯ ಬಾಗಿಲಲ್ಲಿ ಫ್ಯಾಕ್ಟರಿಯ ಖಾಕಿ ಅಂಗಿ ಹಾಕಿದ್ದ ಒಬ್ಬ ನಿಂತಿದ್ದ. ಹೆಸರು ಬೈಲಪ್ಪ, ಸಭೆ ಶುರುಮಾಡಿದವನು ಅವನೇ. ಪಾಪಕ್ಕ ಹೊಸ್ತಿಲ ಮೇಲೆ ಕಾಲಿಡುವುದಕ್ಕೂ ಅವನು ಕೈ ಮುಗಿದು, "ಹೆಂಗಸರು ಆ ಕಡೆ ಕೋಣೆ ತಾಯಿ. ಇಲ್ಲಿ ಕುಡಿಯೋರು, ಅಲ್ಲಿ ಮನೆಯೋರು" ಎನ್ನುವುದಕ್ಕೂ ಸರಿಹೋಯಿತು. ಎಷ್ಟು ಮರ್ಯಾದೆಯಿಂದ ಹೇಳಿದನೆಂದರೆ ಅವಳು ಎದುರಾಡಲಾರದೆ ಆ ಕಡೆ ಹೋದಳು.

ಅಲ್ಲಿ ಐದಾರು ಹೆಂಗಸರು. ಅವರನ್ನು ನಡೆಸುತ್ತಿದ್ದವಳು ಅನುಸೂಯಮ್ಮ, ಬೈಲಪ್ಪನ ಹೆಂಡತಿ. ಒಬ್ಬೊಬ್ಬರೂ ತಂತಮ್ಮ ಗಂಡಂದಿರ ಕಥೆ ಹೇಳಿ ಅತ್ತರು. "ಅವರ ಮೇಲೆ ಸಿಟ್ಟು ಮಾಡ್ಕೋಬಾರ್ದು. ಅದೊಂದು ಕಾಯ್ಲೆ, ಸಕ್ಕರೆ ಕಾಯ್ಲೆ ಇಲ್ವಾ ಹಂಗೆ" ಎಂದು ಅನುಸೂಯಮ್ಮ ತಿಳಿಸಿ ಹೇಳಿದಳು. ಕಾಯಿಲೆ ಎಂಬ ಮಾತು ಕೇಳಿ ಪಾಪಕ್ಕನಿಗೆ ಜೀವ ಬಂದಂತಾಯಿತು. ಇಪ್ಪತ್ತು ವರ್ಷದಲ್ಲಿ ಅವಳಿಗೆ ಯಾರೂ ಆ ಮಾತು ಹೇಳಿರಲಿಲ್ಲ.

"ಅಕ್ಕ, ಹೆಂಗಸರು ಕುಡಿದ್ರೂ ಕಾಯ್ಲೇನೇನಾ?" ಎಂದು ಕೇಳಿಯೇಬಿಟ್ಟಳು.

ಅನುಸೂಯಮ್ಮ ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿ ಕೂತಿದ್ದ ಕುಂದಾಣದ ಹೆಂಗಸು ಮೂಗು ಮುರಿದಳು. "ಥೂ, ಅಂಥೋರ ಮಾತು ಇಲ್ಯಾಕೆ? ಹೆಂಗಸಾಗಿ ಕುಡಿಯೋಳಿಗೆ ಕಾಯ್ಲೆ ಅಂತಾರಾ, ಕೊಬ್ಬು ಅಂತಾರೆ." ಎಲ್ಲರೂ ತಲೆಯಾಡಿಸಿದರು. ಈಗ ತಾನೇ ಗಂಡಂದಿರ ಕಾಯಿಲೆಗೆ ಕಣ್ಣೀರು ಹಾಕಿದ ತಲೆಗಳೇ ಅವು!

"ಈಗ ನೀವು ಹೇಳಮ್ಮ, ನಿಮ್ಮೆಜಮಾನ್ರ ವಿಷ್ಯ" ಎಂದಳು ಅನುಸೂಯಮ್ಮ.

ಎದ್ದು ಹೋಗಬೇಕಿತ್ತು. ಇಲ್ಲವೇ ಇದ್ದದ್ದು ಇದ್ದ ಹಾಗೆ ಹೇಳಬೇಕಿತ್ತು. ಪಾಪಕ್ಕ ಎರಡೂ ಮಾಡಲಿಲ್ಲ. "ನಮ್ಮೆಜಮಾನ್ರು..." ಎಂದು ಶುರುಮಾಡಿದವಳು ತನ್ನದೆಲ್ಲವನ್ನೂ ಅವನ ಹೆಸರಿಗೆ ಹಾಕಿ ಹೇಳಿಬಿಟ್ಟಳು. ಕೈ ನಡುಗುವುದು, ಸೌದೆಯ ಹಿಂದೆ ಪ್ಯಾಕೆಟ್ಟು ಬಚ್ಚಿಡುವುದು, ದೇವರ ಮುಂದೆ ಆಣೆ ಮಾಡಿ ಸಂಜೆಗೇ ಮುರಿಯುವುದು, ಸೀಮಂತದ ದಿನ ಮಗಳ ಮಡಿಲಿಗೆ ಆರತಿ ಚೆಲ್ಲಿದ್ದು. ಗಂಡಸು ಯಾಕೆ ಆರತಿ ಎತ್ತಿದ ಎಂದು ಕೇಳುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ, ಎಲ್ಲರೂ ಅಳುತ್ತಿದ್ದರು. ಹೇಳುತ್ತಾ ಹೇಳುತ್ತಾ ಅವಳಿಗೆ ಎದೆ ಹಗುರವಾಯಿತು. ಹಗುರವಾದ ಮರುಗಳಿಗೆಯೇ ನಾಚಿಕೆಯೂ ಆಯಿತು. ಅನುಸೂಯಮ್ಮ ಮನೆಯ ಗುರುತು ಕೇಳಿದಾಗ, ಯಾಕೆ ಏನು ಎಂದು ವಿಚಾರಿಸದೆ ಹೇಳಿಬಿಟ್ಟಳು.

ಅದರ ಫಲ ಗುರುವಾರ ಮಧ್ಯಾಹ್ನ ಮೊಪೆಡ್ಡಿನ ಮೇಲೆ ಬಂತು. ಪಾಪಕ್ಕ ಬಿಸಿನೀರಲ್ಲಿ ಕೈಯಾಡಿಸುತ್ತಾ ಗೂಡಿನ ಎಳೆ ಹುಡುಕುತ್ತಿದ್ದಳು. ಚಿನ್ನಸ್ವಾಮಿ ಊಟ ಮಾಡಿ ಜಗಲಿಯಲ್ಲಿ ಕೂತಿದ್ದ. ಬೈಲಪ್ಪನೂ, ಮುನಿರಾಮಯ್ಯ ಎಂಬ ಇನ್ನೊಬ್ಬ ಹಿರಿಯನೂ ಇಳಿದು, ಅವನ ಅಕ್ಕಪಕ್ಕ ಕೂತು, ಇಬ್ಬರೂ ಒಂದೊಂದು ಕೈ ಹಿಡಿದುಕೊಂಡರು.

"ಚಿನ್ನಸ್ವಾಮಣ್ಣ, ನಾಚ್ಕೋಬೇಡಿ. ನಾನೂ ನಿಮ್ಮಂಗೇ ಇದ್ದೋನು" ಎಂದ ಬೈಲಪ್ಪ. "ಮೋರಿಲಿ ಬಿದ್ದಿದ್ದೆ. ಒಂಬತ್ತು ವರ್ಷ ಆಯ್ತು ಬಿಟ್ಟು. ನಿಮ್ಮ ಮನೆಯೋರು ಎಲ್ಲಾ ಹೇಳಿದಾರೆ."

ಚಿನ್ನಸ್ವಾಮಿಗೆ ಮೊದಲು ಏನೂ ತಿಳಿಯಲಿಲ್ಲ. ಅವನು ಮನೆಯೊಳಗಿನ ಕಡೆ ತಿರುಗಿದ. ಪಾಪಕ್ಕ ಒದ್ದೆ ಕೈ ಹಾಗೇ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು. ಅವಳ ಮುಖ ನೋಡಿದ್ದೇ ಅವನಿಗೆ ಎಲ್ಲ ಅರ್ಥವಾಯಿತು. "ಆಗ್ಲಿ ಸಾರ್. ಭಾನುವಾರ ಬರ್ತೀನಿ" ಎಂದು ತಲೆ ತಗ್ಗಿಸಿದ.

ಮೊಪೆಡ್ಡು ತಿರುವು ದಾಟುವುದನ್ನೇ ಕಾಯುತ್ತಿದ್ದವಳು ಹಾರಿಬಿದ್ದಳು. "ಯಾಕ್ರೀ ಒಪ್ಕೊಂಡ್ರಿ? ನೀವು ಕುಡೀತೀರಾ?"

"ಇಲ್ಲ."

"ಮತ್ತೆ ಇಲ್ಲ ಅನ್ನಕ್ಕೇನಾಗಿತ್ತು ಬಾಯಿಗೆ? ನನ್ನನ್ನ ಮುಂದೆ ಕೂರಿಸ್ಕೊಂಡು, ಸುಳ್ಳಿ ಇವಳು ಅನ್ನಬೇಕಿತ್ತು!"

"ಕೂಗಾಡ್ಬೇಡ ಕಣೆ. ಈ ಊರಿಗೆಲ್ಲ ನಾನೇ ಕುಡುಕ ಆಗಿ ಎಷ್ಟು ವರ್ಷ ಆಯ್ತು, ಇನ್ನೊಂದೂರಲ್ಲಿ ಆದ್ರೆ ಹೋಗೋದೇನು? ಗಂಡಸಿಗೆ ಕಾಯ್ಲೆ ಅಂತಾರೆ. ನಿಂಗೆ ಏನಂತಾರೆ ಅಂತ ನಿಂಗೇ ಗೊತ್ತು." ಅವನು ಜಗಲಿಯಿಂದ ಎದ್ದು ಬಂದ. "ಒಂದು ಕೆಲ್ಸ ಮಾಡಣ. ನಾನು ಹೋಗಿ ಕೂರ್ತೀನಿ. ಅವರು ಹೇಳೋದೆಲ್ಲ ತಲೇಲಿ ಇಟ್ಕೊಂಡು ಬಂದು ನಿಂಗೆ ಹೇಳ್ತೀನಿ. ನೀನು ಮನೇಲೇ ಬಿಟ್ಬಿಡು. ಆಶಾಗೆ ಕಾಗದ ಹಾಕಣ."

ಪ್ಯಾಕೆಟ್ಟು ತಂದುಕೊಟ್ಟ ಹಾಗೆಯೇ ಬಿಡುವುದನ್ನೂ ತಂದುಕೊಡುತ್ತೇನೆ ಎಂದಿದ್ದ ಆ ಪುಣ್ಯಾತ್ಮ! ಹೆಂಡತಿಯ ಕಾಯಿಲೆಗೆ ಗಂಡ ಹೋಗಿ ಸೂಜಿ ಚುಚ್ಚಿಸಿಕೊಂಡು ಬಂದರೆ ವಾಸಿಯಾಗುತ್ತದೆಯೇ? ಇದು ಪಾಪಕ್ಕನಿಗೂ ಗೊತ್ತಿತ್ತು. ಗೊತ್ತಿದ್ದೂ ಹೂಂ ಎಂದಳು. ಆ ಕೋಣೆಯ ಥೂ ಎಂಬ ಶಬ್ದ ಇನ್ನೂ ಕಿವಿಯಲ್ಲಿತ್ತು.

ಎರಡು ಭಾನುವಾರ ಗಂಡಹೆಂಡಿರು ಜೊತೆಯಲ್ಲೇ ಹೋದರು. ಅವನು ಕುಡಿಯುವವರ ಕೋಣೆಗೆ, ಅವಳು ಮನೆಯವರ ಕೋಣೆಗೆ. ಹೆಂಗಸರೆಲ್ಲ, ಗಂಡನನ್ನು ದಾರಿಗೆ ತಂದೆಯಲ್ಲ ತಾಯಿ ಎಂದು ಪಾಪಕ್ಕನ ಬೆನ್ನು ತಟ್ಟಿದರು. ಹಿಂದಿರುಗುವಾಗ ಬಸ್ಸಿನಲ್ಲಿ ಚಿನ್ನಸ್ವಾಮಿ ಕೇಳಿಬಂದದ್ದನ್ನೆಲ್ಲ ಪಾಠ ಒಪ್ಪಿಸುವ ಹುಡುಗನ ಹಾಗೆ ಹೇಳುತ್ತಿದ್ದ. "ಜನ್ಮಪೂರ್ತಿ ಬಿಡ್ತೀನಿ ಅನ್ಬಾರ್ದಂತೆ. ಇವತ್ತೊಂದಿನ ಕುಡಿಯಲ್ಲ ಅನ್ಬೇಕಂತೆ. ಆಸೆ ಬಂದಾಗ ಯಾರಾದ್ರೂ ಹಂಗೇ ಇದ್ದೋರ ಹತ್ರ ಹೋಗಿ ಮಾತಾಡ್ಬೇಕಂತೆ." ಅವಳು ಹೂಂ ಹೂಂ ಎಂದಳು. ಮೂರು ದಿನ ಹಿಡಿದುಕೊಂಡಳು. ನಾಲ್ಕನೆಯ ದಿನ ಆಸೆ ಬಂತು, ಹಂಗೇ ಇದ್ದವರು ಯಾರೂ ಹತ್ತಿರ ಇರಲಿಲ್ಲ, ಸೌದೆಯ ಹಿಂದೆ ಒಂದು ಪ್ಯಾಕೆಟ್ಟು ಇತ್ತು. ಮುಂದಿನ ವಾರವೂ ಅದೇ ಕಥೆ. ಹೆರಿಗೆಗೆ ಇನ್ನು ನಲವತ್ತು ದಿನ ಉಳಿದಿತ್ತು. ಮಗಳಿಗೆ ಹಾಕುವ ಕಾಗದ ಹಾಗೇ ಉಳಿದಿತ್ತು.

ಮೂರನೆಯ ಭಾನುವಾರ ಆ ಕೋಣೆಯಲ್ಲಿ ಚಿನ್ನಸ್ವಾಮಿಯನ್ನು ಮಾತಾಡಿ ಎಂದು ಎಬ್ಬಿಸಿದರು. ತಡಿಕೆಯ ಈಚೆಗೆ ಎಲ್ಲ ಕೇಳಿಸುತ್ತಿತ್ತು. ಪಾಪಕ್ಕನ ಪಕ್ಕದಲ್ಲಿದ್ದ ಕುಂದಾಣದ ಹೆಂಗಸು ಅವಳ ಮೊಣಕೈ ತಿವಿದು, "ನಿಮ್ಮೋರು, ನಿಮ್ಮೋರು" ಎಂದು ಪಿಸುಗುಟ್ಟಿದಳು.

"ನನ್ನ ಹೆಸರು ಚಿನ್ನಸ್ವಾಮಿ. ನಾನು... ಕುಡುಕ" ಎಂದ ಅವನು. ಚಪ್ಪಾಳೆ ಬಿತ್ತು. ಆಮೇಲೆ ಅವನಿಗೆ ಮಾತು ಹೊರಡಲಿಲ್ಲ. ಪಾಪ, ಕುಡಿಯದವನು ಕುಡಿದ ರುಚಿಯನ್ನು ಎಲ್ಲಿಂದ ತಂದು ಹೇಳಿಯಾನು? ಮುನಿರಾಮಯ್ಯ ಅವನಿಗೆ ದಾರಿ ಮಾಡಿಕೊಟ್ಟ. "ಸಂಕೋಚ ಬೇಡ ಚಿನ್ನಸ್ವಾಮಣ್ಣ. ನಾವೆಲ್ಲ ಮಾಡಿರೋದೇ. ಕುಡ್ಕೊಂಡು ಹೋಗಿ ಹೆಂಡ್ತಿಗೆ ಹೊಡೀತಿದ್ರಾ?"

"ಹೂಂ. ಹೊಡೀತಿದ್ದೆ" ಎಂದ ಚಿನ್ನಸ್ವಾಮಿ.

ಈ ಕೋಣೆಯಲ್ಲಿ ಹೆಂಗಸರೆಲ್ಲ ಪಾಪಕ್ಕನ ಕಡೆ ತಿರುಗಿ ಲೊಚಗುಟ್ಟಿದರು. ಅನುಸೂಯಮ್ಮ ಅವಳ ಕೈ ಹಿಡಿದುಕೊಂಡಳು. ಪಾಪಕ್ಕ ಆ ಕೈ ಕೊಡವಿ ಎದ್ದಳು. ಇಷ್ಟು ದಿನ ನುಂಗಿದ್ದೆಲ್ಲ ಒಂದೇ ಸಲ ಗಂಟಲಿಗೆ ಬಂತು. ಕಂಡಕ್ಟರು ಬೈದ, ಸಹಿಸಿದಳು. ಕಾವಲಿನವನು ಬೈದ, ಸಹಿಸಿದಳು. ಈಗ ಗಂಡ ತನ್ನ ಬಾಯಿಂದ ತಾನೇ ಇಂಥಾ ಮಾತು ಹೇಳಿಕೊಳ್ಳುವುದು, ಅದಕ್ಕೆ ಹನ್ನೆರಡು ಗಂಡಸರು ಭೇಷ್ ಎಂದು ತಲೆದೂಗುವುದು! ಅವಳು ಈ ಬಾಗಿಲಿಂದ ಹೊರಬಿದ್ದು ಆ ಬಾಗಿಲಿಂದ ಒಳನುಗ್ಗಿದಳು.

ಗಂಡಸರೆಲ್ಲ ಮಕ್ಕಳ ಬೆಂಚಿನ ಮೇಲೆ ಮೊಣಕಾಲು ಮಡಿಸಿಕೊಂಡು ಕೂತಿದ್ದರು. ಎದುರಿಗೆ ಮೇಷ್ಟರ ಕುರ್ಚಿ. ಮಾತಾಡುವವರಿಗೆ ಆ ಕುರ್ಚಿ. ಚಿನ್ನಸ್ವಾಮಿ ಅದರ ತುದಿಯಲ್ಲಿ ಕೂತು ನೆಲ ನೋಡುತ್ತಿದ್ದ.

"ಎದ್ದೇಳ್ರೀ ಅಲ್ಲಿಂದ! ಆ ಕುರ್ಚಿ ನಂದು."

ಬೈಲಪ್ಪ ಗಾಬರಿಯಾಗಿ ಎದ್ದು ನಿಂತ. "ತಾಯಿ, ಮನೆಯೋರ ಕೋಣೆ..."

"ನಾನು ಮನೆಯೋಳಲ್ಲ. ಕುಡಿಯೋಳು. ಈ ಯಪ್ಪ ಒಂದು ತೊಟ್ಟು ಮುಟ್ಟಿದೋರಲ್ಲ. ಹೊಡೀತಿದ್ರಂತೆ! ಆ ಕೈ ನನ್ನ ಮೇಲೆ ಒಂದ್ಸಲ ಎದ್ದಿದ್ರೆ ನನ್ನ ಕಣ್ಣು ಹೋಗ್ಲಿ. ನಾನು ಹೇಳಿದ್ದು ಸುಳ್ಳು, ಇವರು ಹೇಳಿದ್ದು ಸುಳ್ಳು. ನೀವೆಲ್ಲ ನಂಬಿದ್ರಲ್ಲ, ನಿಮಗೇನಾಗಿತ್ತು? ನಾನು ಬಾಗಿಲಿಗೆ ಬಂದಾಗ ಯಾಕಮ್ಮ ಬಂದೆ ಅಂತ ಒಬ್ರಾದ್ರೂ ಕೇಳಿದ್ರಾ?"

ಅವಳು ಬಿಡಲಿಲ್ಲ.

"ಆಶಾ ಹುಟ್ಟಿದಾಗ ನಮ್ಮತ್ತೆ ಪಿಳ್ಳಮ್ಮ ಬಾಣಂತಿಗೆ ಸೀತ ಆಗಬಾರ್ದು ಅಂತ ದಿನಾ ಒಂದು ಲೋಟ ಬ್ರಾಂದಿ ಕುಡಿಸಿದ್ಲು. ಮೈಗೆ ಒಳ್ಳೇದು ಅಂತ ಊರೆಲ್ಲ ಅಂದ್ರು. ಆಮೇಲೆ ಬೆಳಗಿಂದ ಸಂಜೆಗಂಟ ನೀರಲ್ಲಿ ಕೈಯಿಟ್ಟು ಮೈ ಜುಮುಗುಟ್ಟಿದಾಗೆಲ್ಲ ಅವಳೇ ಒಂದು ಗುಟುಕು ಕೊಟ್ಲು, ಕೆಲ್ಸ ನಿಲ್ಲಬಾರ್ದಲ್ಲ! ಆಗ ಯಾರೂ ಥೂ ಅನ್ನಲಿಲ್ಲ. ಅದು ಬಿಡಕ್ಕಾಗದೆ ನಾನು ಸಾಯ್ತಿರುವಾಗ ಥೂ ಅಂತೀರಾ? ನಂಗೆ ಕೊಬ್ಬಾ?"

ಕೊನೆಯ ಮಾತನ್ನು ತಡಿಕೆಯ ಆಚೆಗೂ ಕೇಳಲಿ ಎಂದೇ ಕೂಗಿ ಹೇಳಿದಳು. ಆಚೆ ಯಾರೂ ಮೂಗು ಮುರಿದ ಸದ್ದಾಗಲಿಲ್ಲ.

ಮುನಿರಾಮಯ್ಯ ಗಂಟಲು ಸರಿಮಾಡಿಕೊಂಡ. "ಅಲ್ಲಮ್ಮ, ನಿಮ್ಮ ಕಷ್ಟ ದೊಡ್ಡದೇ. ಆದ್ರೆ ಹೆಂಗಸರು ಎದುರಿಗೆ ಕೂತ್ರೆ ನಾವು ಮನಸ್ಸು ಬಿಟ್ಟು ಹೆಂಗೆ ಮಾತಾಡೋದು? ನಾಚಿಕೆ ಆಗಲ್ವಾ?"

"ಕುಡಿದು ಬೀದೀಲಿ ಪಂಚೆ ಬಿಚ್ಕೊಂಡು ಬಿದ್ದಾಗ ಹೆಂಗಸರು ಓಡಾಡ್ತಾರೆ ಅನ್ನೋ ನಾಚಿಕೆ ಇತ್ತಾ? ಬಿಟ್ಟಿದ್ದು ಹೇಳಕ್ಕೆ ನಾಚಿಕೇನಾ?"

ಬೆಂಚಿನ ಕೊನೆಯಲ್ಲಿ ಯಾರೋ ನಕ್ಕುಬಿಟ್ಟರು. ಬೈಲಪ್ಪನಿಗೂ ನಗು ತಡೆಯಲಾಗಲಿಲ್ಲ, ಆದರೆ ಅವನ ಕಣ್ಣು ತುಂಬಿತ್ತು. "ಮುನಿರಾಮಣ್ಣ, ಬಿಡೋ ಆಸೆ ಇದ್ದೋರೆಲ್ಲ ಬರಬೋದು ಅಂತ ನಾವೇ ಹೇಳ್ಕೊಂಡು ಬಂದಿದೀವಿ. ಗಂಡಸರು ಮಾತ್ರ ಅಂತ ಯಾವತ್ತೂ ಹೇಳಿಲ್ಲ. ತಪ್ಪು ನಂದು. ಬಾಗಿಲಲ್ಲಿ ನಿಂತಿದ್ದೋನು ನಾನು." ಅವನು ಚಿನ್ನಸ್ವಾಮಿಯ ಕಡೆ ತಿರುಗಿದ. "ನಿಜ ಹೇಳಿ ಅಣ್ಣ. ನೀವು ಕುಡಿಯಲ್ವಾ?"

"ಇಲ್ಲ ಸಾರ್. ವಾಸ್ನೆ ಕಂಡ್ರೆ ಆಗಲ್ಲ."

"ಹಂಗಾದ್ರೆ ನಿಮ್ಮ ಜಾಗ ಆ ಕಡೆ."

ಚಿನ್ನಸ್ವಾಮಿ ಟವೆಲ್ಲು ಹೆಗಲಿಗೆ ಹಾಕಿಕೊಂಡು, ತಪ್ಪು ಮಾಡಿ ಸಿಕ್ಕಿಬಿದ್ದವನ ಹಾಗೆ ಹೊರಗೆ ಹೋದ. ಆಚೆ ಕೋಣೆಯಲ್ಲಿ ಬೆಂಚು ಸರಿದ ಸದ್ದು, ಬಳೆಗಳ ಸದ್ದು. ಐದಾರು ಹೆಂಗಸರ ನಡುವೆ ಒಬ್ಬನೇ ಗಂಡಸು. ಪಾಪಕ್ಕ ಕುರ್ಚಿಯಲ್ಲಿ ಕೂತಳು. ಸಿಟ್ಟಿನ್ನೂ ಇಳಿದಿರಲಿಲ್ಲ. ಹೇಳುವುದು ಇನ್ನೂ ಬೇಕಾದಷ್ಟಿತ್ತು. ಬಾಯಿ ತೆರೆಯಬೇಕು, ಅಷ್ಟರಲ್ಲಿ ತಡಿಕೆಯ ಆಚೆಯಿಂದ ಅನುಸೂಯಮ್ಮನ ದನಿ ಬಂತು. "ಹೇಳಿ ಅಣ್ಣ. ಇಲ್ಲಿ ಯಾರೂ ನಗಲ್ಲ."

ಚಿನ್ನಸ್ವಾಮಿ ಮಾತಾಡಿದ. ಈ ಸಲ ಅವನಿಗೆ ಯಾರೂ ದಾರಿ ಮಾಡಿಕೊಡಬೇಕಾಗಲಿಲ್ಲ.

"ದಿನಾ ಸಾಯಂಕಾಲ ಅಂಗಡಿಗೆ ಹೋಗೋವಾಗ, ಇವತ್ತು ಬಾಗಿಲು ಹಾಕಿರ್ಲಪ್ಪ ದೇವ್ರೆ ಅಂತ ಬೇಡ್ಕೊಂಡು ಹೋಗ್ತಿದ್ದೆ. ಯಾವತ್ತೂ ಹಾಕಿರ್ತಿರ್ಲಿಲ್ಲ. ಎರಡು ವರ್ಷದ ಹಿಂದೆ ಒಂದಿನ ನಾನು ಬರೋ ಹೊತ್ತಿಗೆ ಇವಳು ಚರಕದ ಮುಂದೆ ಒರಗ್ಬಿಟ್ಟಿದ್ಲು. ಸೆರಗು ಒಲೆ ಬಾಯಿಗೆ ಬಿದ್ದು ಹೊತ್ಕೊಂಡಿತ್ತು. ಈ ಕೈಯಲ್ಲೇ ತಿಕ್ಕಿ ಆರಿಸ್ದೆ. ಅವಳಿಗೆ ಎಚ್ಚರಾನೇ ಆಗ್ಲಿಲ್ಲ. ಬೆಳಿಗ್ಗೆ ಸೆರಗು ನೋಡ್ಕೊಂಡು, ಕಿಡಿ ಹಾರಿರ್ಬೇಕು ಅಂದ್ಲು. ನಾನೂ ಹೂಂ ಅಂದೆ. ನನ್ನ ಕೈಗೆ ಬಾಣಲೆ ತಾಗಿದ್ದು ಅಂದೆ. ಅವತ್ತಿಂದ ನಂಗೆ ನಿದ್ದೆ ಇಲ್ಲ. ಮಗಳು ಹೆರಿಗೆಗೆ ಬರಲ್ಲ ಅಂದಾಗ ಇವಳು ಬಸ್ಸಲ್ಲಿ ಅಳ್ತಾ ಕೂತಿದ್ಲು, ನಾನು ಸಮಾಧಾನ ಮಾಡ್ತಿದ್ದೆ. ಆದ್ರೆ ದೇವ್ರಾಣೆ ಹೇಳ್ತೀನಮ್ಮ, ನಂಗೆ ಒಳಗೊಳಗೇ ಜೀವ ತಣ್ಣಗಾಗಿತ್ತು. ಸದ್ಯ, ಮಗೂನ ಇವಳ ಪಕ್ಕ ಮಲಗಿಸೋದು ತಪ್ಪಿತು ಅಂತ."

ಆಮೇಲೆ ಅವನು ಅತ್ತ. ಗಂಡಸರ ಕೋಣೆಯಲ್ಲಿ ಹನ್ನೆರಡು ಜನರೂ ತಲೆ ಬಗ್ಗಿಸಿ ಕೂತು ಕೇಳಿಸಿಕೊಂಡರು. ಅವರಲ್ಲಿ ಎಷ್ಟು ಜನರ ಹೆಂಡಿರು ಆಚೆಯ ಅದೇ ಬೆಂಚಿನ ಮೇಲೆ ಕೂತು ಇಂಥದ್ದನ್ನೇ ಹೇಳಿದ್ದರೋ.

ಪಾಪಕ್ಕನ ಸಿಟ್ಟಿಗೆ ಈಗ ಹೋಗಿ ಬೀಳಲು ಯಾರೂ ಉಳಿದಿರಲಿಲ್ಲ. ನರ್ಸಮ್ಮ, ಕಂಡಕ್ಟರು, ಕುಂದಾಣದ ಹೆಂಗಸು, ಅತ್ತೆ, ಎಲ್ಲರ ಮೇಲಿನ ಸಿಟ್ಟೂ ನ್ಯಾಯವಾದದ್ದೇ. ಒಂದನ್ನೂ ಅವಳು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಆದರೆ ಆ ಸೆರಗು ಅವಳದು, ಆ ಒಲೆ ಅವಳದು. ಅವಳು ತನ್ನ ಎರಡೂ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ನೋಡಿದಳು. ಬಿಸಿನೀರಲ್ಲಿ ನೆನೆದು ನೆನೆದು ಬೆಳ್ಳಗೆ ಸುಕ್ಕುಗಟ್ಟಿದ್ದವು, ಸುಟ್ಟ ಗಾಯ ಒಂದೂ ಇರಲಿಲ್ಲ.

"ಹೇಳಮ್ಮ" ಎಂದ ಬೈಲಪ್ಪ.

"ನಾನು ಪಾಪಕ್ಕ" ಎಂದಳು ಅವಳು. "ಕುಡೀತೀನಿ. ಇವತ್ತು ಬೆಳಗಿಂದ ಕುಡಿದಿಲ್ಲ."

ಹೇಳಬೇಕೆಂದುಕೊಂಡದ್ದರಲ್ಲಿ ಅಷ್ಟೇ ಉಳಿದಿತ್ತು. ಚಪ್ಪಾಳೆ ತಟ್ಟಲು ಕೈಯೆತ್ತಿದ ಮುನಿರಾಮಯ್ಯ, ಅವಳ ಮುಖ ನೋಡಿ, ಕೈ ಮುಗಿದ.

ಸಭೆ ಮುಗಿದು ಬಸ್‌ಸ್ಟ್ಯಾಂಡಿಗೆ ಬರುವಾಗ ಇನ್ನೂ ಬಿಸಿಲಿತ್ತು. ಗಂಡಹೆಂಡಿರು ಒಬ್ಬರ ಮುಖ ಒಬ್ಬರು ನೋಡದೆ ನಡೆದರು. ತಡಿಕೆ ಎಷ್ಟು ತೆಳ್ಳಗಿದೆ ಎಂದು ಇಬ್ಬರಿಗೂ ಗೊತ್ತಿತ್ತು. ಸ್ಟ್ಯಾಂಡಿನ ಮೂಲೆಯ ಪೆಟ್ಟಿಗೆ ಅಂಗಡಿಯಲ್ಲಿ ಪೋಸ್ಟ್ ಕಾರ್ಡು ಮಾರುತ್ತಿದ್ದರು. ಪಾಪಕ್ಕ ನಿಂತಳು.

"ಆಶಾಗೆ ಬರೀಬೇಕು."

ಚಿನ್ನಸ್ವಾಮಿಯ ಮುಖ ಅರಳಿತು. "ಅಮ್ಮ ಬಿಟ್ಳು, ಬಾ ಅಂತ ಬರೀಲಾ?"

"ಸುಳ್ಳು ಸಾಕು ಅಂತ ಈಗ್ತಾನೇ ಕೂಗಾಡಿದ್ದು ನಿಮಗೆ ಕೇಳಿಸ್ಲಿಲ್ವಾ?" ಎಂದು ಗದರಿಸಿದಳು. "ಪೆನ್ನು ಕೊಡಿ ಇಲ್ಲಿ. ನಾಲ್ಕನೇ ಕ್ಲಾಸು ಓದಿದೀನಿ ನಾನು."

ಅಂಗಡಿಯ ಹಲಗೆಯ ಮೇಲೆ ಕಾರ್ಡು ಇಟ್ಟು, ನಡುಗುವ ಕೈಯನ್ನು ಇನ್ನೊಂದು ಕೈಯಲ್ಲಿ ಒತ್ತಿಹಿಡಿದು ಬರೆದಳು. ಇವತ್ತು ಅಮ್ಮ ಕುಡಿದಿಲ್ಲ. ಅಷ್ಟೇ. ಬಾ ಎಂದು ಬರೆಯಲಿಲ್ಲ. ವಿಳಾಸ ಮಾತ್ರ ಚಿನ್ನಸ್ವಾಮಿ ಬರೆದ. ಬರೆದು, ಅಂಚೆ ಡಬ್ಬಕ್ಕೆ ಹಾಕಿ, ಜೇಬಿಗೆ ಕೈ ಹಾಕಿದ.

"ಹೆರಿಗೆಗೆ ನಲವತ್ತು ದಿನ ಇದೆಯಲ್ಲ. ನಾಳೆ ಸಾಯಂಕಾಲ ಪೋಸ್ಟಾಫೀಸಿಗೆ ಹೋಗಿ ಒಂದೇ ಸಲ ನಲವತ್ತು ಕಾರ್ಡು ತಂದಿಟ್ಬಿಡ್ತೀನಿ."

"ಬೇಡ" ಎಂದಳು ಪಾಪಕ್ಕ. "ನೀವು ತಂದುಕೊಟ್ಟಿದ್ದು ಸಾಕು. ನಾಳೆದು ನಾಳೆ, ನಾನೇ ಹೋಗಿ ಒಂದು ತಗೋತೀನಿ."